ಇರುವೆ ಮೊಟ್ಟೆಯ ಜೊತೆ ಹೋದ ಕೆಪಾಸಿಟರ್

ಪುಲ್ಪಳ್ಳಿಯ ಶಾಂತಿನಾಥನ ಅಂಗಡಿಗೆ ಕರೆಂಟಿನ ಸಾಮಾನು ರಿಪೇರಿಗೆ ಕೊಟ್ಟವರು ಆತುರಪಡುವ ಹಾಗಿಲ್ಲ. ಪವರ್ ಸಪ್ಲೈ ಬಿಚ್ಚಿದಾಗ ಒಳಗೆ ಇರುವೆ ಗೂಡು ಕಂಡರೆ ಬೇರೆಯವರು ಊದಿ ಬಿಸಾಡುತ್ತಾರೆ. ಇವನು ಜೈನರ ಮನೆಯ ಹುಡುಗ. ಮೃದುವಾದ ಬ್ರಷ್ಷಿನಿಂದ ಇರುವೆಗಳನ್ನು ಮೊಟ್ಟೆ ಸಮೇತ ಕಾಗದಕ್ಕಿಳಿಸಿ, ಅಂಗಡಿ ಹಿಂದಿನ ಕಾಫಿ ಗಿಡದ ಬುಡದಲ್ಲಿ ಇಟ್ಟು ಬರುತ್ತಾನೆ. ಜನ ನಗುತ್ತಾರೆ. ನಗಲಿ ಬಿಡಿ, ಊರಿಗೊಬ್ಬ ಅಂಥವನು ಬೇಕು.

ಅವತ್ತು ಕೋಳಿ ಸಾಕುವ ಮಲಯಾಳಿ ಹೆಂಗಸು ಜಾನಮ್ಮ ತಂದದ್ದು ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಪವರ್ ಸಪ್ಲೈ. ಮರಿಗಳು ಹೊರಬರುವ ಹೊತ್ತಿಗೇ ಅದು ಕೈಕೊಟ್ಟಿತ್ತು. ಮೊಟ್ಟೆಗಳನ್ನು ಕಂಬಳಿಯಲ್ಲಿ ಸುತ್ತಿ, ಒಲೆಯ ಪಕ್ಕ ಇಟ್ಟು ಓಡಿಬಂದಿದ್ದಳು.

ಶಾಂತಿನಾಥ ಅದರೊಳಗಿದ್ದ ಇರುವೆಗಳನ್ನು ಕಾಫಿ ಗಿಡದ ಬುಡಕ್ಕೆ ಸಾಗಿಸಿ ಬಂದು ಸ್ವಿಚ್ ಒತ್ತಿದ. ದೀಪ ಹೊತ್ತಿತು, ಆರಿತು. ಮತ್ತೆ ಹೊತ್ತಿತು, ಮತ್ತೆ ಆರಿತು. ಭೂತಗನ್ನಡಿ ಹಿಡಿದು ನೋಡಿದವನ ಮುಖ ಸಪ್ಪಗಾಯಿತು. ಕರೆಂಟ್ ಎಷ್ಟು ಹರಿಯುತ್ತಿದೆಯೆಂದು ನೋಡಿಕೊಳ್ಳುವ ಐಸಿ ಚಿಪ್ಪಿನ ಲೋಹದ ಕಾಲೊಂದರ ಬಳಿ ಇರಬೇಕಾದ ಚಿಕ್ಕ ಕೆಪಾಸಿಟರ್ ಇರಲಿಲ್ಲ. ಬೆಸುಗೆ ಬಿಟ್ಟಿದ್ದ ಅದನ್ನೂ ಇವನು ಇರುವೆ ಮೊಟ್ಟೆಗಳ ಜೊತೆ ಗುಡಿಸಿಬಿಟ್ಟಿದ್ದ!

"ಅದೊಂದು ಚೂರು ಇಲ್ದಿದ್ರೆ ಎಂತ ಮೋನೇ?" ಜಾನಮ್ಮ ಅವನನ್ನು ಮಲಯಾಳಿಯಲ್ಲಿ 'ಮಗನೇ' ಎಂದೇ ಕರೆಯುತ್ತಿದ್ದಳು.

"ಒಳಗಿನ ಸ್ವಿಚ್ ಆನ್ ಆದಾಗೆಲ್ಲ ಕರೆಂಟ್ ಒಂದ್ಸಲ ಚಿಮ್ಮುತ್ತೆ ಜಾನಮ್ಮ. ಅದನ್ನ ಇದು ನುಂಗಿಕೊಳ್ಬೇಕು. ಇಲ್ದಿದ್ರೆ ಐಸಿ ಶಾರ್ಟ್ ಆಯ್ತು ಅಂತ ಹೆದರಿ ಆಫ್ ಮಾಡುತ್ತೆ."

"ದೊಡ್ಡದೊಂದು ಹಾಕು, ಕತೆ ಮುಗೀತಲ್ಲ!"

"ದೊಡ್ಡದಾದ್ರೆ ನಿಜವಾಗ್ಲೂ ಶಾರ್ಟ್ ಆದಾಗ್ಲೂ ಐಸಿಗೆ ಸರಿಯಾದ ಹೊತ್ತಿಗೆ ಗೊತ್ತಾಗಲ್ಲ. ಪೆಟ್ಟಿಗೆಗೆ ಬೆಂಕಿ ಬಿದ್ರೆ? ಅದರ ಅಳತೆ ನಂಗೊತ್ತಿಲ್ಲ, ಅದೇ ಸಿಗ್ಬೇಕು."

ಜಾನಮ್ಮನಿಗೆ ರೇಗಿತು. "ನಿನ್ನ ಇರುವೆಗೆ ಮಾತ್ರ ಜೀವ, ನನ್ನ ಕುಞ್ಞಿಗಳಿಗೆ, ಕೋಳಿಮರಿಗಳಿಗೆ, ಇಲ್ವಾ?"

ಆ ಮಾತು ನೇರ ಎದೆಗೆ ನಾಟಿತು. ಶಾಂತಿನಾಥ ಕಾಫಿ ಗಿಡದ ಬುಡಕ್ಕೆ ಓಡಿ ಮಂಡಿಯೂರಿದ. ಕಾಗದದ ಮೇಲೆ ಇರುವೆಗಳು ಮೊಟ್ಟೆ ಹೊರುತ್ತಿದ್ದವು. ಕೈಹಾಕಿ ಕೆದಕಿದರೆ ಎಷ್ಟು ಸಾಯುತ್ತವೋ. ಹಾಕದಿದ್ದರೆ ಅಲ್ಲಿ ಜಾನಮ್ಮನ ಮನೆಯಲ್ಲಿ ಮೊಟ್ಟೆಯೊಳಗಿನ ಮರಿಗಳು ತಣ್ಣಗಾಗುತ್ತಿವೆ. ಪಾಪ, ಹುಡುಗನ ಕಣ್ಣು ತುಂಬಿತು. ಅದನ್ನು ನೋಡಿದ ಜಾನಮ್ಮ ಬೈಯುವುದನ್ನು ಬಿಟ್ಟು ತಾನೂ ಪಕ್ಕದಲ್ಲಿ ಕುಕ್ಕರಿಸಿದಳು. ಒಂದೊಂದೇ ಬಿಳಿ ಮೊಟ್ಟೆ ಬಿಲ ಸೇರಿತು. ಕೊನೆಗೆ ಕಾಗದದ ಮೇಲೆ ಉಳಿದದ್ದು ಯಾವ ಇರುವೆಗೂ ಬೇಡವಾದ ಕಂದು ಬಣ್ಣದ ಚೂರೊಂದೇ.

"ಇದೇ!" ಎಂದು ಕುಣಿದಾಡಿದ. ಮೀಟರಿಟ್ಟು ನೋಡಿ, ಬೆಸೆದು, ಸ್ವಿಚ್ ಒತ್ತಿದ. ಈ ಸಲ ದೀಪ ಆರಲಿಲ್ಲ.

ಆ ವಾರವೇ ಜಾನಮ್ಮ ಮರಿಗಳ ಬುಟ್ಟಿ ಹೊತ್ತು ಬಂದಳು. ಶಾಂತಿನಾಥ ಉಳಿಸಿದ ಮರಿಗಳನ್ನು ಅವನೇ ಕಣ್ತುಂಬ ನೋಡಲಿ ಎಂಬ ಆಸೆ ಅವಳಿಗೆ. ಒಂದನ್ನು ಅಂಗಡಿಯ ಹಿಂದೆ ಇಳಿಸಿದಳು. ಅದು ತಟಪಟ ನಡೆದು ನೆಟ್ಟಗೆ ಕಾಫಿ ಗಿಡದ ಬುಡಕ್ಕೆ ಹೋಗಿ ಇರುವೆಗಳನ್ನು ಕುಕ್ಕತೊಡಗಿತು.

"ಅಯ್ಯೋ!" ಎಂದು ಶಾಂತಿನಾಥ ಓಡಿದ. ಜಾನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬದುಕಿಸಿದವನು ನೀನೇ ಅಲ್ವಾ ಮೋನೇ, ನೀನೇ ಬುದ್ಧಿ ಹೇಳು!"

ಅವನು ಮರಿಯನ್ನು ಎತ್ತಿಕೊಂಡ. ಅಂಗೈಯಲ್ಲಿ ಅದು ಬೆಚ್ಚಗೆ ಮಿಡಿಯುತ್ತಿತ್ತು. ಒಳಗಿನಿಂದ ಒಂದು ಹಿಡಿ ನುಚ್ಚಕ್ಕಿ ತಂದು, ಅಂಗಳದ ಆಚೆ ತುದಿಯಲ್ಲಿ ಚೆಲ್ಲಿ, ಅದನ್ನು ಅಲ್ಲಿ ಬಿಟ್ಟ. ಜಾನಮ್ಮ ಉಳಿದ ಮರಿಗಳನ್ನೂ ಅಲ್ಲೇ ಇಳಿಸಿದಳು. ಅವೆಲ್ಲ ತಿಂದು ಮತ್ತೆ ಬುಟ್ಟಿ ಸೇರುವವರೆಗೂ ಅವನು ಇರುವೆಗಳಿಗೂ ಮರಿಗಳಿಗೂ ನಡುವೆ ಕಾವಲು ಕೂತಿದ್ದ.