ಮಾಯವ್ವ ಹಿಡಿದ ಕತ್ತರಿ

ಗುಡ್ಡ ಹತ್ತುವಾಗ ಸುರೇಖಾಳ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು. ದೊಡ್ಡ ಮಾವ ಲಕ್ಷ್ಮಪ್ಪನ ಕೈ ನಡುಗುತ್ತದೆ. ನಡುಗುವ ಆ ಕೈಯಲ್ಲಿ ಕತ್ತರಿ, ಕತ್ತರಿಯ ಕೆಳಗೆ ಇನ್ನೂ ವರ್ಷ ತುಂಬದ ಮಗಳ ನೆತ್ತಿ. ಕೆರೂರಿನಿಂದ ಜೀಪಿನಲ್ಲಿ, ರಸ್ತೆ ಮುಗಿದ ಮೇಲೆ ಕಾಲುದಾರಿಯಲ್ಲಿ, ಕೂಸನ್ನು ಎದೆಗವಚಿಕೊಂಡು ಬರುತ್ತ ಗಂಡ ಹಣಮೇಶನಿಗೆ ಇದನ್ನೇ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಿದ್ದಳು. ಜವಳದಲ್ಲಿ ಕೂಸಿನ ಮೊದಲ ಕೂದಲು ಸೋದರಮಾವ ತೆಗೆಯಬೇಕು, ನಿನಗೆ ಅಣ್ಣತಮ್ಮಂದಿರಿಲ್ಲ, ಅದಕ್ಕೇ ಮನೆಯ ಹಿರಿಯ ನಮ್ಮ ದೊಡ್ಡಪ್ಪ ತೆಗೆಯುತ್ತಾನೆ ಎಂಬುದೊಂದೇ ಅವನ ಉತ್ತರ.

ದಿಬ್ಬ ದಾಟಿದಾಗ ಅವಳ ಮಾತು ತಾನಾಗಿ ನಿಂತಿತು. ಹಣಮೇಶನ ಫೋನಿನ ಫೋಟೋದಲ್ಲಿ ಅವನ ಊರ ಕೆರೆಯೆಂದು ಅವಳು ನೋಡಿದ್ದು ಹೊಂಡದಷ್ಟು ನೀರು. ಇಲ್ಲಿ ಕೆಂಪು ಬಂಡೆಗಳ ನಡುವೆ ಕೆರೆ ಊರ ಹೊಸ್ತಿಲ ತನಕ ಬಂದು ಕೂತಿತ್ತು. ಉಣ್ಣೆ ಕತ್ತರಿಸುವ ಮುಂಚೆ ಮೈ ತೊಳೆಯಲೆಂದು ಇಳಿಸಿದ ಕುರಿಗಳು ಒಂದರ ಬೆನ್ನಿಗೊಂದು ನೀರಿಗೆ ಧುಮುಕುತ್ತಿದ್ದವು. ಕಚ್ಚೆ ಹಾಕಿ, ಸೊಂಟದ ಮಟ್ಟ ನೀರಲ್ಲಿ ನಿಂತು, ಒಂದೊಂದನ್ನೇ ಉಜ್ಜಿ ದಂಡೆಗೆ ತಳ್ಳುತ್ತಿದ್ದವಳು ಅವಳ ಅತ್ತೆ ಮಾಯವ್ವ.

ಹಣಮೇಶ ತೊಟ್ಟಿಲಲ್ಲಿದ್ದಾಗಲೇ ಮಾಯವ್ವನ ಗಂಡ ತೀರಿಹೋಗಿದ್ದ. ಕುರಿ ಮಾರಿ ತವರಿಗೆ ಹೋಗು ಎಂದು ಊರ ಹಿರಿಯರು ಹೇಳಿದ್ದರು. ಹೆಂಗಸು ಉಣ್ಣೆ ನೂಲಬೇಕು, ಕತ್ತರಿಸಬಾರದು ಎಂದೂ ಅಂದಿದ್ದರು. ಆಕೆ ಗಂಡನ ಕತ್ತರಿಯನ್ನೇ ಬಂಡೆಗೆ ಮಸೆದು ಕುರಿಯ ಮುಂದೆ ಕೂತಳು. ಕುರಿ ಕಾಯುವವರ ದೇವರು ಬೀರಪ್ಪನಿಗೆ ವರ್ಷವೂ ನೇಯುವ ಕಂಬಳಿಗೆ ಎರಡು ವರ್ಷ ಅವಳ ಉಣ್ಣೆಯನ್ನು ಯಾರೂ ಮುಟ್ಟಲಿಲ್ಲ. ಮೂರನೆಯ ವರ್ಷ ಎಲ್ಲರ ಉಣ್ಣೆಯೊಳಗೆ ತನ್ನದನ್ನೂ ಸದ್ದಿಲ್ಲದೆ ಕಲೆಸಿಬಿಟ್ಟಳು. ಕಂಬಳಿ ನೇಯ್ದು ಗುಡಿಯಲ್ಲಿ ಹಾಸಿದ ಮೇಲೆ ಹಿರಿಯರೆದುರು ನಿಂತು ಹೇಳಿದಳಂತೆ: "ಇದರಾಗ ನಂದು ಯಾವುದು ಅಂತ ಬೀರಪ್ಪನಽ ಆರಿಸಿ ತಗೀಲಿ."

ಆರಿಸುವವರು ಯಾರೂ ಮುಂದೆ ಬರಲಿಲ್ಲ. ಆದರೂ ಶುಭಕಾರ್ಯದಲ್ಲಿ ಆಕೆಯ ಜಾಗ ದೂರವೇ ಉಳಿಯಿತು. ಈಗಲೂ ಜವಳಕ್ಕೆಂದು ಕೆರೆಯ ದಂಡೆಗೆ ಕಂಬಳಿ ಹಾಸಿ ಎಲ್ಲರೂ ಸೇರಿದಾಗ ಮಾಯವ್ವ ಬೇವಿನ ಗಿಡದ ಹಿಂದೆ ಸರಿದು ನಿಂತಳು.

ಲಕ್ಷ್ಮಪ್ಪ ಕತ್ತರಿ ಎತ್ತಿಕೊಂಡ. ಅದು ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗಿತು. ಕಂಡವರೆಲ್ಲ ನೆಲ ನೋಡಿದರು. ಸುರೇಖಾ ಕೂಸನ್ನೆತ್ತಿಕೊಂಡು ಎದ್ದುಬಿಟ್ಟಳು.

"ದೊಡ್ಡ ಮಾವಾರ, ನಿಮ್ಮ ಆಶೀರ್ವಾದ ಇರಲಿ. ಕೂದಲಾ ಅತ್ತಿ ತಗೀಲಿ."

ಲಕ್ಷ್ಮಪ್ಪನ ಹೆಂಡತಿ ಮಲ್ಲಮ್ಮನ ಮುಖ ಬಿಗಿಯಿತು. "ಗಂಡನ್ನ ಕಳಕೊಂಡಾಕಿ ಕೈಲೆ ಜವಳ ತಗಸ್ತಿಯೇನು? ಕೂಸಿನ ಕಾಳಜಿ ಐತಿಲ್ಲೋ ನಿನಗ?"

"ಐತ್ರಿ. ಅದಕ್ಕ ಹೇಳಾಕತ್ತೇನಿ."

ಗಿಡದ ಹಿಂದಿನಿಂದ ಮಾಯವ್ವನೇ ಬೇಡವೆಂದಳು. "ನಾಳೆ ಕೂಸಿಗೆ ಬರೇ ನೆಗಡಿ ಬಂದ್ರೂ ನನ್ನ ಹೆಸರು ಹೇಳ್ತಾರ, ಯವ್ವಾ."

ನೆಗಡಿಯೆಂದರೆ ನಿದ್ದೆಗೆಡುವವಳು ಸುರೇಖಾ. ಆದರೂ ಲಕ್ಷ್ಮಪ್ಪನ ಮುಂದೆ ಕೈಚಾಚಿ ನಿಂತಳು. ಮುದುಕ ಹೆಂಡತಿಯತ್ತ ನೋಡಲಿಲ್ಲ, ಯಾರತ್ತಲೂ ನೋಡಲಿಲ್ಲ. ಭಾರ ಇಳಿಸುವವನ ಹಾಗೆ ಕತ್ತರಿ ಕೊಟ್ಟ. ಸುರೇಖಾ ಅದನ್ನು ಬೇವಿನ ಗಿಡದ ಹಿಂದೆ ಒಯ್ದು ಅತ್ತೆಯ ಕೈಗಿಟ್ಟಳು.

ಮಾಯವ್ವ ಕಂಬಳಿಯ ಮೇಲೆ ಕೂತು, ಮರಿಯನ್ನು ಹಿಡಿದಂತೆ ಮೊಮ್ಮಗಳನ್ನು ಮೊಣಕಾಲ ನಡುವೆ ಹಿಡಿದಳು. ನೆತ್ತಿಯ ಮೇಲೆ ಅವಳ ಎಡಗೈ ಬೆರಳು, ಬೆರಳ ಮೇಲೆ ಕತ್ತರಿ. ಏನಾದರೂ ತಾಗಿದರೆ ಮೊದಲು ಅವಳಿಗೇ ತಾಗಬೇಕು. ಕೂಸು ಅವಳ ಸೆರಗಿಗೆ ಕೈ ಹಾಕಿ ನಕ್ಕಿತು. ಮಲ್ಲಮ್ಮ ಎದ್ದು ಹೋದಳು, ಯಾರೂ ಕರೆಯಲಿಲ್ಲ.

ಇನ್ನು ಹೇಳಬೇಕಾದವಳು ಹುಬ್ಬಳ್ಳಿಯಲ್ಲಿದ್ದ ಸುರೇಖಾಳ ಹೆತ್ತವ್ವ. ಜವಳದ ಹೊತ್ತಿಗೆ ಅತ್ತೆಯನ್ನು ಹತ್ತಿರ ಬಿಟ್ಟುಕೊಳ್ಳಬೇಡ ಎಂದು ಹೇಳಿ ಕಳಿಸಿದವಳು ಅವಳೇ. ಸಂಜೆ ಸುರೇಖಾ ಸಿಗ್ನಲ್ ಸಿಗುವ ಬಂಡೆಯನ್ನೇರಿದಳು. ಎರಡು ಸಲ ನಂಬರ್ ತೆಗೆದು ಎರಡು ಸಲ ಬಿಟ್ಟಳು. ಮೂರನೆಯ ಸಲ ರಿಂಗಾಯಿತು.

"ಅವ್ವಾ, ಜವಳ ಆತು. ಅತ್ತಿ ತಗದ್ರು. ಇಲ್ಲ, ಯಾರೂ ಒತ್ತಾಯ ಮಾಡಿಲ್ಲ. ನಾನಽ ಹೇಳಿ ತಗಿಸೇನಿ."