ಕರೆಂಟನ್ನು ಸೋಸಿದ ಭಾನುವಾರಗಳು

ನಮ್ಮ ಮನೆಯಲ್ಲಿ ಸೋಸದೆ ಒಳಗೆ ಬಿಟ್ಟುಕೊಳ್ಳುವ ಪದಾರ್ಥ ಬಹಳ ಕಡಿಮೆ. ನೀರಿಗೆ ಫಿಲ್ಟರು, ಹಾಲಿಗೆ ಜಾಲರಿ, ರಾಗಿಹಿಟ್ಟಿಗೆ ಜರಡಿ. ನೆಂಟರಿಷ್ಟರ ಸುದ್ದಿಯನ್ನು ಕೂಡ ನನ್ನ ಹೆಂಡತಿ ಸರೋಜ ಒಮ್ಮೆ ಸೋಸಿಯೇ ನನ್ನ ಕಿವಿಗೆ ಹಾಕುತ್ತಾಳೆ. ಇಂಥ ಶುಚಿವಂತರ ಮನೆಯಲ್ಲಿ ಗೋಡೆಯ ತೂತಿನಿಂದ ಬರುವ ಕರೆಂಟನ್ನು ಮಾತ್ರ ಇಷ್ಟು ಕಾಲ ಹೇಗೆ ಬಂತೋ ಹಾಗೇ ಬಳಸಿಕೊಂಡು ಬಂದೆವಲ್ಲ ಎಂಬುದು ನಾನು ನಿವೃತ್ತನಾದ ಮೇಲೆ ಹೊಳೆದ ಸಂಗತಿ. ಹಾಸನದಲ್ಲಿ ಯಾರೂ ‘ಕರೆಂಟು ಹೇಗಿದೆ’ ಎಂದು ಅದರ ಯೋಗಕ್ಷೇಮ ವಿಚಾರಿಸುವುದಿಲ್ಲ. ಬಂತಾ, ಹೋಯ್ತಾ, ಇಷ್ಟರಲ್ಲಿ ಮಾತು ಮುಗಿಯಿತು. ಆ ಸುಖವನ್ನು ಕೈಯಾರೆ ಕಳೆದುಕೊಂಡವನು ನಾನು.

ಕಾಲೇಜಿನಲ್ಲಿ ಇತಿಹಾಸ ಹೇಳಿ ಹೇಳಿ ಗಂಟಲು ಸವೆಸಿಕೊಂಡಿದ್ದಾಯಿತು, ಇನ್ನು ಮೇಲೆ ಕಿವಿಗೆ ಕೆಲಸ ಕೊಡೋಣವೆಂದು ಹಜಾರದಲ್ಲಿ ಒಂದು ಕಂಪ್ಯೂಟರನ್ನೂ ಅದರ ಎರಡು ಬದಿಗೆ ದ್ವಾರಪಾಲಕರಂಥ ಸ್ಪೀಕರುಗಳನ್ನೂ ಪ್ರತಿಷ್ಠಾಪಿಸಿದೆ. ಬೀರುವಿನಲ್ಲಿ ಧೂಳು ಕುಡಿಯುತ್ತಿದ್ದ ಕ್ಯಾಸೆಟ್ಟು, ಸೀಡಿಗಳೆಲ್ಲ ಟಿಫನ್ ಡಬ್ಬಿಯಷ್ಟಗಲದ ಒಂದು ಹಾರ್ಡ್ ಡ್ರೈವಿನೊಳಗೆ ಹೋಗಿ ಕುಳಿತವು. ಈ ಡ್ರೈವಿಗೆ ತನ್ನದೇ ಆದ ಪುಟ್ಟ ಚಾರ್ಜರು. ಕಂಪ್ಯೂಟರಿನ ಹಂಗಿಲ್ಲದೆ ನೇರವಾಗಿ ಗೋಡೆಯಿಂದಲೇ ಅದರ ಆಹಾರ. ಮೊದಲ ದಿನವೇ ಹಾಡುಗಾರ್ತಿ ಆಲಾಪನೆಯಲ್ಲಿ ಉಸಿರು ತೆಗೆದುಕೊಳ್ಳಲೆಂದು ನಿಲ್ಲಿಸಿದ ಕ್ಷಣದಲ್ಲಿ, ಆಕೆ ಉಸಿರಾಡಬೇಕಾದ ಜಾಗದಲ್ಲಿ ಬೇರೆ ಯಾರೋ ಉಸಿರಾಡಿದ ಹಾಗೆ ಒಂದು ಗುಂಯ್ ಎಂಬ ಸಣ್ಣ ನಾದ ಕೇಳಿಸಿತು.

ಇನ್ನೊಬ್ಬರಾಗಿದ್ದರೆ ಹೋಗಲಿ ಬಿಡು ಎನ್ನುತ್ತಿದ್ದರು. ನಾನು ಹುಟ್ಟಾ ಚಡಪಡಿಕೆಯ ಮನುಷ್ಯ. ಬಸ್ಸು ಹತ್ತಿ ಸೀಟು ಸಿಕ್ಕ ಮೇಲೂ ಪಕ್ಕದ ಬಸ್ಸು ಮೊದಲು ಹೊರಡುತ್ತದೇನೋ ಎಂದು ಇಳಿದು ನೋಡಿ, ಎರಡನ್ನೂ ತಪ್ಪಿಸಿಕೊಂಡವನು. ಮದುವೆಯೂಟದಲ್ಲಿ ಪಾಯಸ ಬರುವ ಹೊತ್ತಿಗೆ ಹೊರಗೆ ಬಿಟ್ಟ ಚಪ್ಪಲಿಯ ಚಿಂತೆಯಲ್ಲಿ ರುಚಿ ಕಾಣದವನು. ಅಂಥವನ ಕಿವಿಗೆ ಗುಂಯ್ ಹೊಕ್ಕ ಮೇಲೆ ಸಂಗೀತವೆಲ್ಲಿ ಬಂತು! ಕುರ್ಚಿಯಿಂದ ಏಳುವುದು, ಸ್ಪೀಕರಿನ ಮುಂದೆ ಮಂಡಿಯೂರಿ ಕಿವಿಯಿಡುವುದು, ಕುರ್ಚಿಗೆ ಮರಳುವುದು, ಮತ್ತೆ ಏಳುವುದು. ‘ಹಾಡು ಕೇಳೋಕೆ ತಂದ್ರೋ, ಇಲ್ಲಾ ಅದಕ್ಕೆ ಸಾಷ್ಟಾಂಗ ಹಾಕೋಕೆ ತಂದ್ರೋ?’ ಎಂದು ಸರೋಜ ಕೇಳಿದಳು.

ಆಗ ನೆನಪಾದವನು ರಂಗಸ್ವಾಮಿ. ಹಾಸನದ ಹಾಸ್ಟೆಲಿನಲ್ಲಿ ನನ್ನ ರೂಮಿನವನಾಗಿದ್ದು, ಮುಂದೆ ಅರಕಲಗೂಡಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿ ನಿವೃತ್ತನಾದವನು. ಅವನ ಹೆಂಡತಿ ಜಯಮ್ಮ ತೀರಿಕೊಂಡ ಮೇಲೆ ರಂಗ ಅರ್ಧಕ್ಕರ್ಧ ಆರಿಹೋಗಿದ್ದ. ಬಾಗಿಲಿಗೆ ಬಿದ್ದ ಪೇಪರು ಮಡಿಕೆ ಬಿಚ್ಚದೆ ಬಿದ್ದಿರುತ್ತಿತ್ತು. ನಾನು ಹೋದಾಗಲೆಲ್ಲ ‘ಬಾ, ಕೂತ್ಕೊ’ ಎನ್ನುವನು. ಅಲ್ಲಿಗೆ ಅವನ ಮಾತು ಮುಗಿಯಿತು. ಸಮಾಧಾನ ಹೇಳಲು ಹೋಗಿ ತುಂಗಭದ್ರಾ ತೀರದ ಸಾಮ್ರಾಜ್ಯಗಳೇ ಅಳಿದುಹೋದವೆಂದು ಪಾಠ ಶುರುಮಾಡಿ, ನನ್ನ ಮೇಲೆ ನನಗೇ ಅಸಹ್ಯವಾಗಿ ಎದ್ದು ಬಂದದ್ದೂ ಉಂಟು. ಗೆಳೆಯ ಕಣ್ಣೆದುರೇ ಮುಳುಗುತ್ತಿದ್ದ. ನನಗೆ ಈಜು ಬರುತ್ತಿರಲಿಲ್ಲ.

ಈ ಗುಂಯ್ ವಿಷಯವನ್ನು ನಾನು ಫೋನಿನಲ್ಲಿ ಹೇಳಿದ್ದು ಔಷಧಿಯೆಂದಲ್ಲ, ಬರೀ ನನ್ನ ಗೋಳಿಗೆ. ರಂಗ ಪೂರ್ತಿ ಕೇಳಿಸಿಕೊಂಡ. ಆಮೇಲೆ, ‘ಗುಂಯ್ ಅಂತದೋ, ಜುಂಯ್ ಅಂತದೋ? ಸರ್ಯಾಗಿ ಹೇಳು’ ಎಂದ. ಜಯಮ್ಮ ಹೋದ ಮೇಲೆ ಅವನು ನನಗೆ ಕೇಳಿದ ಮೊದಲ ಪ್ರಶ್ನೆ ಅದು. ನಾನು ತಬ್ಬಿಬ್ಬಾಗಿ ಎರಡೂ ಅನ್ನುತ್ತದೆ ಎಂದುಬಿಟ್ಟೆ. ‘ನಿನ್ನ ಕಿವಿ ನಂಬೋಕಾಗಲ್ಲ, ಭಾನುವಾರ ನಾನೇ ಬತ್ತೀನಿ’ ಎಂದು ಫೋನಿಟ್ಟ.

ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸ್ಕ್ರೂಡ್ರೈವರು, ಟೆಸ್ಟರುಗಳ ಬ್ಯಾಗು. ಸ್ಪೀಕರಿಗೆ ಕಿವಿಯಿಟ್ಟ, ಚಾರ್ಜರನ್ನು ಕೀಳಿಸಿ ಹಾಕಿಸಿದ, ಕೊನೆಗೆ ತೀರ್ಪು ಕೊಟ್ಟ: ‘ಕರೆಂಟು ಕೊಳಕು ಕಣಯ್ಯ. ಈ ಚಾರ್ಜರ್ ಐತಲ್ಲ, ಕರೆಂಟನ್ನ ಕೊಚ್ಚಿ ಕೊಚ್ಚಿ ಕೊಡ್ತದೆ. ಆ ಚೂರೆಲ್ಲ ಬಂದು ನಿನ್ನ ಹಾಡಿಗೆ ಬೀಳ್ತಾ ಅವೆ. ಹಳೇ ಕಾಲದ ಟ್ರಾನ್ಸ್‌ಫಾರ್ಮರ್ ಹಾಕಿ ನಿಧಾನಕ್ಕೆ ಸೋಸಿ ಕೊಡೋ ಡಬ್ಬ ಮಾಡಬೇಕು. ನಾನು ಮಾಡ್ತೀನಿ.’ ಡ್ರೈವಿನಲ್ಲಿರುವುದು ಬರೀ ಒಂದು ಮತ್ತು ಸೊನ್ನೆ, ಅದಕ್ಕೆ ಎಂಥ ಕರೆಂಟಾದರೇನು ಎಂದು ವಾದಿಸುವ ಪಂಡಿತರಿದ್ದಾರೆ. ಇರಲಿ. ಆ ಪಂಡಿತರು ಅವತ್ತಿನ ರಂಗನ ಮುಖ ನೋಡಿದವರಲ್ಲ.

ಡಬ್ಬದ ಹೃದಯ ಸಿದ್ಧವಾದದ್ದು ಹೊಳೆನರಸೀಪುರದಲ್ಲಿ, ಪಂಪ್‌ಸೆಟ್ಟಿನ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿಯಲ್ಲಿ. ಸರದಿಗೆ ಕಾದಿದ್ದ ಮೋಟರುಗಳ ನಡುವೆ ರಂಗ ತನ್ನ ಲೆಕ್ಕಾಚಾರ ಒಪ್ಪಿಸುತ್ತಿರುವಾಗ ಅಂಗಡಿಯವನು ‘ಇದ್ಯಾವ ತ್ವಾಟದ ಮೋಟ್ರಿಗೆ ಸಾ?’ ಎಂದನಂತೆ. ತೋಟಕ್ಕಲ್ಲ, ಹಾಡಿಗೆ ಎಂದಾಗ, ಅಲ್ಲೇ ಕೂತಿದ್ದ ಹಳೇಕೋಟೆಯ ರೈತರೊಬ್ಬರು ತಮ್ಮ ಮೋಟರನ್ನು ಪಕ್ಕಕ್ಕೆ ಸರಿಸಿ, ‘ಮೊದ್ಲು ಮೇಷ್ಟ್ರುದ್ದು ಸುತ್ಕೊಡು ಕಣ್ಲಾ, ಅವರ ಹಾಡು ಒಣಗೋಯ್ತದೆ’ ಎಂದರಂತೆ. ಡಬ್ಬವನ್ನು ಕೈಚೀಲದಲ್ಲಿಟ್ಟು ಬಸ್ಸು ಹತ್ತಿದರೆ ಕಂಡಕ್ಟರು ಬಗ್ಗಿ ನೋಡಿ ‘ಕೋಳಿನಾ ಸಾ?’ ಎಂದು ಕೇಳಿ, ಅಲ್ಲವೆಂದು ಖಾತ್ರಿಯಾದ ಮೇಲೆ ‘ಕೋಳಿಯಾಗಿದ್ರೆ ಟಿಕೆಟ್ ಹರೀಬೋದಿತ್ತು, ಇದಕ್ಕೆ ಏನಂತ ಹರೀಲಿ’ ಎಂದು ಪೇಚಾಡಿದನಂತೆ. ಇದನ್ನೆಲ್ಲ ರಂಗ ಕೈಬಾಯಿ ತಿರುಗಿಸಿ ನಟಿಸಿ ಹೇಳುವಾಗ ಸರೋಜ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ನಗುವಿಗೋ, ಮತ್ತೊಂದಕ್ಕೋ, ನಾನು ಕೇಳಲಿಲ್ಲ.

ಮೊದಲ ಡಬ್ಬ ಗುಂಯ್ ಅನ್ನು ತಗ್ಗಿಸಿತೇ ಹೊರತು ತೊಲಗಿಸಲಿಲ್ಲ. ಅಲ್ಲಿಂದ ಭಾನುವಾರಗಳ ಸರಮಾಲೆ. ಬೆಳಿಗ್ಗೆ ಬಸ್ಸಿಳಿದು ಬರುವುದು, ಡಬ್ಬ ಬಿಚ್ಚುವುದು, ಯಾವುದೋ ಒಂದನ್ನು ಬದಲಿಸುವುದು, ಇಬ್ಬರೂ ಕಣ್ಣು ಮುಚ್ಚಿ ಕೇಳುವುದು, ನಮ್ಮ ನಮ್ಮ ಕಿವಿಯ ಹಿರಿಮೆಗಾಗಿ ಜಗಳವಾಡುವುದು. ಒಂದು ಭಾನುವಾರವಂತೂ ಮನೆಯ ಇತರ ಯಂತ್ರಗಳೇ ಕರೆಂಟನ್ನು ಕೆಡಿಸುತ್ತಿವೆಯೆಂಬ ಜ್ಞಾನೋದಯವಾಗಿ ಫ್ಯಾನು, ಟೀವಿ, ಯುಪಿಎಸ್ಸು, ಫ್ರಿಜ್ಜು ಎಲ್ಲವನ್ನೂ ಒಂದೊಂದಾಗಿ ಆರಿಸಿ, ಬೆವರಿನಲ್ಲಿ ಮೀಯುತ್ತ ಪರಮ ಶುದ್ಧ ತಂಬೂರಿಯನ್ನು ಸವಿದೆವು. ಆಹಾ ಎಂದು ಅವನು, ಓಹೋ ಎಂದು ನಾನು. ಆ ಆನಂದದಲ್ಲಿ ಫ್ರಿಜ್ಜನ್ನು ಮರಳಿ ಹಾಕುವುದು ಇಬ್ಬರಿಗೂ ಮರೆತುಹೋಯಿತು. ನುಗ್ಗೇಹಳ್ಳಿಯ ತನ್ನ ತಮ್ಮನ ಮನೆಯಿಂದ ಸರೋಜ ಮಾರನೆಯ ದಿನ ಮರಳಿದಾಗ ಹಾಲು ಒಡೆದಿತ್ತು, ದೋಸೆಹಿಟ್ಟು ಪಾತ್ರೆಯ ಮುಚ್ಚಳವನ್ನು ಎತ್ತಿಕೊಂಡು ಹೊರಗೆ ಬಂದಿತ್ತು. ‘ಕರೆಂಟು ಶುದ್ಧ ಆಯ್ತು ಸರಿ, ಈಗ ಈ ಫ್ರಿಜ್ಜು ಶುದ್ಧ ಮಾಡಿ ಬನ್ನಿ’ ಎಂದು ಬಟ್ಟೆ ಕೈಗೆ ಕೊಟ್ಟಳು. ಮಾಡಿದೆ. ಸಂಗೀತ ರಸಿಕನಿಗೆ ಹುಳಿ ನಾತವೂ ಒಂದು ರಸವೇ.

ಹೀಗಿರುವಾಗ ರಂಗನ ಮಗಳು ಚೇತನಾ ಚನ್ನರಾಯಪಟ್ಟಣದಿಂದ ಫೋನು ಮಾಡಿದಳು. ಅಲ್ಲಿ ಅವಳು ಟೀಚರು. ಅಪ್ಪನನ್ನು ತನ್ನ ಜೊತೆಗೆ ಕರೆದು ಕರೆದು ಸೋತವಳು. ‘ಮಾಮ, ಅಪ್ಪ ಶನಿವಾರಾನೇ ಅಂಗಿ ಇಸ್ತ್ರಿ ಮಾಡಿಟ್ಕೋತಾರೆ. ವಾರವಿಡೀ ಅದೇ ಡಬ್ಬದ ಮಾತು. ಮೊನ್ನೆ ನಾನು ಅರಕಲಗೂಡಿಗೆ ಹೋಗಿದ್ದಾಗ, ಊಟ ಬಡಿಸುವಾಗ ಇನ್ನೊಂದು ಮುದ್ದೆ ಕೇಳಿದ್ರು ಮಾಮ.’ ಅಷ್ಟು ಹೇಳಿ ದನಿ ತಗ್ಗಿಸಿದಳು. ‘ಮುಂದಿನ ವಾರಕ್ಕೆ ಮುಗಿದುಬಿಡುತ್ತೆ ಅಂತಾವ್ರೆ. ಮುಗಿದ್ಮೇಲೆ ಏನ್ಮಾಡ್ತಾರೋ ಅಂತ ನಂಗೆ ಭಯ ಆಯ್ತದೆ.’

ನನಗೆ ಅದುವರೆಗೆ ಇಲ್ಲದ ಭಯ ಅಂದಿನಿಂದ ಶುರುವಾಯಿತು. ಗುಂಯ್ ಹೋಗಲೆಂದು ಅಷ್ಟು ಚಡಪಡಿಸಿದವನು ಈಗ ಅದು ಎಲ್ಲಿ ಹೋಗಿಬಿಡುತ್ತದೋ ಎಂದು ಚಡಪಡಿಸತೊಡಗಿದೆ. ವಾರವಿಡೀ ಸ್ಪೀಕರಿಗೆ ಕಿವಿಯಿಟ್ಟು, ಇದೆಯಾ ಮಾರಾಯ, ಇರು, ಹೋಗಬೇಡ ಎಂದು ಅದನ್ನು ಬೇಡಿಕೊಂಡೆ. ಮನುಷ್ಯನಿಗೆ ನೆಮ್ಮದಿಗಿಂತಲೂ ಒಂದು ಮುಗಿಯದ ಕೆಲಸ ಹೆಚ್ಚು ಬೇಕಾಗುವ ಕಾಲವೂ ಬರುತ್ತದೆಯೆಂದು ನನಗೆ ತಿಳಿದದ್ದು ಆಗಲೇ. ಕಂಡವರ ಕಣ್ಣಿಗೆ ಅದು ಕೆಲಸಕ್ಕೆ ಬಾರದ ಗೀಳು. ಒಳಗಿದ್ದವನಿಗೆ ಅದು ಭಾನುವಾರ.

ಆ ಭಾನುವಾರ ಬಂದೇ ಬಂತು. ರಂಗ ಹೊಸದಾಗಿ ಜೋಡಿಸಿದ ಡಬ್ಬವನ್ನು ಡ್ರೈವಿಗೆ ಸಿಕ್ಕಿಸಿ ಹಾಡು ಹಾಕಿದ. ಅದೇ ಹಾಡುಗಾರ್ತಿ ಹಾಡಿದಳು, ಆಲಾಪನೆಯ ನಡುವೆ ಉಸಿರಿಗೆ ನಿಂತಳು. ಆ ಜಾಗದಲ್ಲಿ ಏನೂ ಇರಲಿಲ್ಲ. ಗುಂಯ್ ಇಲ್ಲ, ಜುಂಯ್ ಇಲ್ಲ. ಆಕೆಯ ಉಸಿರು ಆಕೆಯದೇ ಆಗಿ, ಎದುರಿಗೇ ಕೂತು ತೆಗೆದುಕೊಂಡಂತೆ ಸ್ಪಷ್ಟವಾಗಿ ಕೇಳಿಸಿತು. ನಾನು ಇಷ್ಟು ತಿಂಗಳು ಬಯಸಿದ್ದ ಮೌನ ಅದು. ಸಿಕ್ಕಾಗ ಅದರೊಳಗೆ ನಾನು ಗುಂಯ್ ಅನ್ನೇ ಹುಡುಕುತ್ತಿದ್ದೆ.

ಹಾಡು ಮುಗಿಯಿತು. ‘ಮುಗೀತು ಅನ್ನು’ ಎಂದ ರಂಗ. ಗೆದ್ದವನ ದನಿಯಲ್ಲ. ಎದ್ದು ಕಂಪ್ಯೂಟರನ್ನೂ ಸ್ಪೀಕರುಗಳನ್ನೂ ಆರಿಸಿದ. ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸಿ ಬ್ಯಾಗಿನೊಳಗಿಟ್ಟ. ಯಾವತ್ತೂ ಹಾಗೆ ಒರೆಸಿದವನಲ್ಲ. ಊಟ ಮಾಡಿ ಹೋಗಿ ಎಂದು ಸರೋಜ ಅಡುಗೆಮನೆಯಿಂದ ಕೂಗಿದರೆ, ‘ಬ್ಯಾಡ ಕಣಮ್ಮ, ಮಧ್ಯಾಹ್ನದ ಬಸ್ಸಿಗೇ ಓಯ್ತೀನಿ’ ಎಂದ. ಕಣ್ಣು ಆಗಲೇ ಅರಕಲಗೂಡಿನ ಆ ಮನೆಯ ಗೋಡೆ ನೋಡುತ್ತಿತ್ತು. ನನಗೆ ತಡೆಯಲಾಗಲಿಲ್ಲ.

‘ರಂಗ, ಇನ್ನೂ ಒಂಚೂರು ಐತೆ ಕಣೋ’ ಎಂದೆ. ‘ಎಡಗಡೆ ಸ್ಪೀಕರಲ್ಲಿ.’

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಬ್ಯಾಗನ್ನು ಕೆಳಗಿಟ್ಟು, ಎಡಗಡೆಯ ಸ್ಪೀಕರಿನ ಮುಂದೆ ನಿಧಾನವಾಗಿ ಮಂಡಿಯೂರಿ, ಕಿವಿಯಿಟ್ಟು ಕಣ್ಣು ಮುಚ್ಚಿದ. ಆಗ ನನ್ನ ಕಣ್ಣು ಸ್ಪೀಕರಿನ ದೀಪದ ಮೇಲೆ ಬಿತ್ತು. ಅದು ಉರಿಯುತ್ತಿರಲಿಲ್ಲ. ಈಗ ತಾನೇ ಅವನೇ ಕೈಯಾರೆ ಆರಿಸಿದ್ದನಲ್ಲ! ಭೌತಶಾಸ್ತ್ರದ ಮೇಷ್ಟ್ರ ಮುಂದೆ ಇಂಥ ಸುಳ್ಳು ಹೇಳಿದೆನಲ್ಲ ಎಂದು ನನ್ನ ಮುಖ ಬಿಸಿಯಾಯಿತು.

ರಂಗ ಬಹಳ ಹೊತ್ತು ಕಿವಿ ತೆಗೆಯಲಿಲ್ಲ. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ಬ್ಯಾಗಿನ ಜಿಪ್ಪೆಳೆದು, ಸ್ಕ್ರೂಡ್ರೈವರನ್ನು ಹೊರಗೆ ತೆಗೆದ.

‘ಹೂಂ ಕಣಯ್ಯ’ ಎಂದ. ‘ಐತೆ. ನಂಗೂ ಕೇಳ್ತು.’