ಅಂಗಡಿಯ ಮೇಲಿನ ಕೋಣೆ

ಡೊಂಬಯ್ಯ ಮಾಸ್ತರರಿಗೆ ಸಿಟ್ಟು ಬಂದದ್ದನ್ನು ಬೆಳ್ಳಾರೆಯಲ್ಲಿ ಯಾರೂ ಕಂಡಿರಲಿಲ್ಲ. ಊರಿನವರು ಇದನ್ನು ಅವರ ದೊಡ್ಡ ಗುಣವೆಂದು ಹೊಗಳುತ್ತಿದ್ದರು. ಸಿಟ್ಟು ಮಾಡಲಿಕ್ಕೂ ಮನುಷ್ಯನಿಗೆ ಒಂದಿಷ್ಟು ಅನುಕೂಲ ಬೇಕು ಎಂಬುದು ಹೊಗಳುವವರಿಗೆ ಹೊಳೆಯುವ ಸಂಗತಿಯಲ್ಲ.

ಅವರು ಕಡಬದ ಕಡೆಯವರು, ಜಾತಿಯಲ್ಲಿ ಮೇರ, ಮುಟ್ಟಬಾರದವರೆಂದು ಊರು ದೂರ ಇಟ್ಟವರು. ಶಾಲೆಯ ಜಗಲಿಯಲ್ಲಿ ಕುಳಿತು, ಒಳಗೆ ಹೇಳಿಕೊಟ್ಟದ್ದನ್ನು ಹೊರಗಿನಿಂದ ಕೇಳಿ ಅಕ್ಷರ ಕಲಿತವರು. ಪುತ್ತೂರಿನ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಮುಗಿಸಿದರು, ಮಂಗಳೂರಿನಲ್ಲಿ ಬಿ.ಎ. ಮಾಡಿದರು. ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ಬೆಳ್ಳಾರೆಯ ಹತ್ತಿರದ ಹೈಸ್ಕೂಲಿಗೆ ಇಂಗ್ಲಿಷ್ ಮಾಸ್ತರರಾಗಿ ಬಂದರು. ಕೆಲಸ ಸಿಕ್ಕಿತು, ಕುರ್ಚಿ ಸಿಕ್ಕಿತು, ಇರಲು ಜಾಗ ಮಾತ್ರ ಸಿಗಲಿಲ್ಲ. ಪುತ್ತೂರಿನ ಹಳೆಯ ಹಾಸ್ಟೆಲಿನ ಒಂದು ಮೂಲೆಯಲ್ಲಿ ಮಲಗಿ, ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಹೆಂಡತಿ ಸುಂದರಿ ಮಗಳನ್ನು ಕಟ್ಟಿಕೊಂಡು ನೆಟ್ಟಣದ ತವರಿನಲ್ಲಿದ್ದಳು. ಒಂದು ಶನಿವಾರ ಹೋದಾಗ ಆ ಮಗು ಅಪ್ಪನನ್ನು ಕಂಡು ಹೆದರಿ ಬಾಗಿಲ ಹಿಂದೆ ಅಡಗಿತು. ಸುಂದರಿ "ಬೆಳ್ಳಾರೆಯಲ್ಲಿ ಒಂದು ಕೋಣೆ ನೋಡಿ" ಎಂದಳು, ಅಷ್ಟೆ.

ಪೇಟೆಯಲ್ಲಿ ಜತ್ತಪ್ಪ ಗೌಡರ ಅಂಗಡಿಯ ಮೇಲೆ ಒಂದು ಕೋಣೆ ಖಾಲಿ ಇತ್ತು. ಗೌಡರು ಶಾಲೆಯ ಕಮಿಟಿಯವರು, ಧಾರಾಳಿ, ಮಾತಿಗೆ ಮೊದಲೇ ಬೆಲ್ಲ ನೀರು ತರಿಸುವವರು. ನಮ್ಮ ಕಡೆ ಜಾತಿಯನ್ನು ಬಾಯಿ ಬಿಟ್ಟು ಕೇಳುವ ಕ್ರಮವಿಲ್ಲ. ಮನೆ ಎಲ್ಲಿ ಎಂದು ಕೇಳುತ್ತಾ ಕೇಳುತ್ತಾ ಹತ್ತಿರ ಬರುವುದು.

"ಮಾಸ್ಟ್ರಿಗೆ ಮನೆ ಎಲ್ಲಿ ಆಯ್ತು?" ಎಂದು ಗೌಡರು ಕೇಳಿದರು.

"ಕಡಬದಲ್ಲಿ."

"ಕಡಬದಲ್ಲಿ ಯಾರ ಮನೆಯ ಹತ್ತಿರ?"

ಸುಳ್ಳು ಹೇಳುವ ಅಭ್ಯಾಸ ಮಾಸ್ತರರಿಗೆ ಇರಲಿಲ್ಲ. ಗುಡ್ಡದ ಆಚೆ, ಕಲ್ಲುಕೋರೆಯ ಹತ್ತಿರ ಎಂದರು. ಗೌಡರು ಒಂದು ವೀಳ್ಯದೆಲೆ ಎತ್ತಿ ಅದರ ಬೆನ್ನನ್ನು ತೊಡೆಗೆ ಉಜ್ಜಿದರು. ಆಮೇಲೆ ಬಹಳ ಮರ್ಯಾದೆಯಿಂದಲೇ, "ಒಂದು ವಾರ ಮೊದಲೇ ಬರ್ಬೇಕಿತ್ತು ನೀವು. ಅದು ಬೇರೆಯವರಿಗೆ ಮಾತಾಗಿ ಹೋಗಿದೆ" ಎಂದರು.

ಕೋಣೆಯ ಬೀಗ ಹಾಗೆಯೇ ಇತ್ತು. ಮಳೆಗಾಲ ಬಂದು ಹೋಯಿತು, ಬೀಗಕ್ಕೆ ತುಕ್ಕು ಹಿಡಿಯಿತು. ಮಾಸ್ತರರು ಅದರ ಕೆಳಗೇ ಬಸ್ಸು ಇಳಿಯುತ್ತಿದ್ದರು. ಮೊದಮೊದಲು ತಲೆ ಎತ್ತಿ ನೋಡುತ್ತಿದ್ದರು, ಕ್ರಮೇಣ ಅದನ್ನೂ ಬಿಟ್ಟರು.

ಹೀಗಿರುವಾಗ ಮಂಗಳೂರಿನಿಂದ ಸಿನಿಮಾದ ಗಾಡಿ ಬಂತು. ಅಮೆರಿಕದ ಕರಿಯರ ಕಷ್ಟದ ಬಗ್ಗೆ ಒಂದು ಚಿಕ್ಕ ಚಿತ್ರ. ಹತ್ತನೆಯ ತರಗತಿಯ ಮಕ್ಕಳ ಕಿವಿಗೆ ಸರಿಯಾದ ಇಂಗ್ಲಿಷ್ ಬೀಳಲಿ ಎಂದು ಹೆಡ್ಮಾಸ್ಟರ್ ಗೌರೀಶಂಕರ ಭಟ್ಟರು ತರಿಸಿದ್ದು. ಮಧ್ಯಾಹ್ನ ಕಿಟಕಿಗಳಿಗೆ ಗೋಣಿ ಕಟ್ಟಿ ಕತ್ತಲೆ ಮಾಡಿದರು. ಕಮಿಟಿಯವರಿಗೆ ಮುಂದೆ ಕುರ್ಚಿ ಹಾಕಿದರು. ಇಂಗ್ಲಿಷ್ ಮಾತು ಯಾರಿಗೂ ತಿಳಿಯುವಂತಿರಲಿಲ್ಲ, ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಹೇಳುವ ಕೆಲಸ ಡೊಂಬಯ್ಯ ಮಾಸ್ತರರ ಪಾಲಿಗೆ ಬಂತು.

ಒಬ್ಬ ಕರಿಯ ಕಾರ್ಖಾನೆಯ ಕೆಲಸಕ್ಕೆಂದು ದೊಡ್ಡ ಪಟ್ಟಣಕ್ಕೆ ಬರುತ್ತಾನೆ. ಕೋಣೆ ಕೇಳುತ್ತಾ ಮನೆ ಮನೆ ಅಲೆಯುತ್ತಾನೆ. ಒಬ್ಬಳು ಬಿಳಿ ಹೆಂಗಸು ಬಾಗಿಲು ಅರ್ಧ ತೆರೆದು, ನಕ್ಕು, ಏನೋ ಹೇಳುತ್ತಾಳೆ.

"ಒಂದು ವಾರ ಮೊದಲು ಬರಬೇಕಿತ್ತು. ಅದು ಬೇರೆಯವರಿಗೆ ಮಾತಾಗಿ ಹೋಗಿದೆ" ಎಂದರು ಮಾಸ್ತರರು, ಕಂಡಕ್ಟರ್ ಸ್ಟಾಪಿನ ಹೆಸರು ಹೇಳುವ ಹಾಗೆ. ಅವಳು ಅಷ್ಟೆಲ್ಲ ಹೇಳಿರಲಿಲ್ಲ. ಅವರ ಬಾಯಿಗೆ ತಾನಾಗಿ ಬಂದದ್ದು ಆ ಮಾತು. ಮುಂದಿನ ಕುರ್ಚಿಯಿಂದ ಗೌಡರು ನಾಲಿಗೆ ಲೊಚಗುಟ್ಟಿದ್ದು ಕೇಳಿಸಿತು. ಕೊನೆಗೆ ಆ ಮನುಷ್ಯ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಪೆಟ್ಟಿಗೆ ಇಟ್ಟು ಕೂರುತ್ತಾನೆ, ಅಲ್ಲಿಗೆ ಚಿತ್ರ ಮುಗಿಯಿತು.

ಗೋಣಿ ಬಿಚ್ಚಿದಾಗ ಮಕ್ಕಳಲ್ಲಿ ಕೆಲವರು ಅಳುತ್ತಿದ್ದರು. ಗೌಡರ ಕಣ್ಣೂ ತುಂಬಿತ್ತು. ಅದು ಸುಳ್ಳು ಕಣ್ಣೀರಲ್ಲ, ಗೌಡರು ಅಂಥವರಲ್ಲ. ಅವರು ಮಾಸ್ತರರ ಬಳಿಗೆ ಬಂದು ಹೇಳಿದರು:

"ಎಂಥ ಜನ ಮಾರಾಯ್ರೆ ಅವರು. ಒಂದು ಕೋಣೆ ಕೊಟ್ಟಿದ್ರೆ ಎಂತ ಗಂಟು ಹೋಗ್ತಿತ್ತು? ಅವನು ಇಲ್ಲಿಗಾದ್ರೂ ಬಂದಿದ್ರೆ ನಾನೇ ಕೊಡ್ತಿದ್ದೆ. ಅಂಗಡಿ ಮೇಲಿನದ್ದು ಖಾಲಿಯೇ ಉಂಟಲ್ಲ."

"ಅದನ್ನು ನಾನು ಕೇಳಿದ್ದೆ ಗೌಡ್ರೇ."

ಗೌಡರು ಮುಜುಗರಪಡಲಿಲ್ಲ. ಮಗುವಿಗೆ ತಿಳಿಹೇಳುವ ಹಾಗೆ, "ನಿಮ್ದು ಬೇರೆ ಅಲ್ವಾ ಮಾಸ್ಟ್ರೇ. ಅವರು ಬಣ್ಣ ನೋಡಿ ಮನುಷ್ಯನನ್ನು ದೂರ ಇಡುದು. ನಾವು ಎಂದಾದ್ರೂ ಬಣ್ಣ ನೋಡಿದ್ದು ಉಂಟಾ?" ಎಂದರು.

ಮಾಸ್ತರರು ಇಲ್ಲ ಎಂದು ತಲೆಯಾಡಿಸಿದರು. ಅವರಿಗೆ ಸಿಟ್ಟು ಬರಲಿಲ್ಲ, ಅಳು ಬರಲಿಲ್ಲ, ಬೇಸರ ಕೂಡ ಆಗಲಿಲ್ಲ. ಬೇಸರ ಆಗದೆ ಇದ್ದದ್ದಕ್ಕೆ ಸಂಜೆಯ ಬಸ್ಸಿನಲ್ಲಿ ಒಂದಿಷ್ಟು ಹೆದರಿಕೆಯಾಯಿತು. ಪುತ್ತೂರು ಬರುವಷ್ಟರಲ್ಲಿ ಅದೂ ಇಳಿಯಿತು.

ಸೋಮವಾರ ಅವರು ಚಿತ್ರದ ಮೇಲೆ ಬೋರ್ಡಿನಲ್ಲಿ ಪ್ರಶ್ನೆಗಳನ್ನು ಬರೆಯುತ್ತಿದ್ದರು. ಹುಡುಗಿಯರ ಬೆಂಚಿನಿಂದ ಗೌಡರ ಮಗಳು ಸೇವಂತಿ ಎದ್ದು ನಿಂತಳು. ಎರಡು ದಿನದಿಂದ ಅವಳಿಗೆ ಅದೇ ಚಿಂತೆ.

"ಸರ್, ಅವನಿಗೆ ಕೊನೆಗೆ ಕೋಣೆ ಸಿಕ್ಕಿತಾ?"

ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟರು.

"ಸಿಕ್ಕಿತು."

"ಯಾರು ಕೊಟ್ಟದ್ದು ಸರ್?"

"ನಿನ್ನ ಅಪ್ಪ" ಎಂದರು ಮಾಸ್ತರರು.

ಮಕ್ಕಳೆಲ್ಲ ಸೇವಂತಿಯ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಹುಡುಗಿಯ ಮುಖ ಹೆಮ್ಮೆಯಿಂದ ಕೆಂಪಾಯಿತು. ಮಾಸ್ತರರು ಚಪ್ಪಾಳೆ ನಿಲ್ಲುವವರೆಗೆ ಕಾದು, ಬೋರ್ಡಿನ ಕಡೆ ತಿರುಗಿ ಮುಂದಿನ ಪ್ರಶ್ನೆ ಬರೆದರು.